ಯಕೃತ್ತಿನ ಬಾಗಿಲಲ್ಲಿ ಗಿಡಮದ್ದು

ಮುಂಗಾರು ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ತೋಟದ ಅಂಚು, ಗದ್ದೆಯ ಬದು, ಬಚ್ಚಲ ನೀರು ಹರಿಯುವ ಹಿತ್ತಿಲು, ಎಲ್ಲೆಂದರಲ್ಲಿ ನೆಲನೆಲ್ಲಿ ಏಳುತ್ತದೆ. ಗೇಣುದ್ದದ ಗಿಡ; ಎಲೆಯ ಸಾಲನ್ನು ಮಗುಚಿ ನೋಡಿದರೆ ಅಡಿಯಲ್ಲಿ ಪುಟ್ಟ ಹಸಿರು ಕಾಯಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಊರಲ್ಲಿ ಕಾಮಾಲೆ ಏಳುವುದೂ ಬಹುಮಟ್ಟಿಗೆ ಇದೇ ಕಾಲದಲ್ಲಿ. ಕಣ್ಣು ಹಳದಿಯಾಗಿದೆ, ಮೂತ್ರ ಹಳದಿ, ಊಟ ಸೇರುವುದಿಲ್ಲ ಎಂದ ಕೂಡಲೇ ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಖಾಲಿ ಹೊಟ್ಟೆಗೆ ಕೊಡುವ ಪದ್ಧತಿ ನಮ್ಮಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಎರಡು ಮೂರು ವಾರದಲ್ಲಿ ಹಳದಿ ಇಳಿಯುತ್ತದೆ. ಮದ್ದು ಕೊಟ್ಟವರ ಹೆಸರು ಹತ್ತೂರಿಗೆ ಹರಡುತ್ತದೆ.

ಈ ಗಿಡ ಒಮ್ಮೆ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯವರೆಗೂ ಹೋಗಿತ್ತು. ಹೆಪಟೈಟಿಸ್ ಬಿ ವೈರಸ್ಸಿನ ಪತ್ತೆಗೆ ಕಾರಣರಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರಿಗೆ ಭಾರತದ ಕಾಮಾಲೆ ಗಿಡಗಳ ಮೇಲೆ ನಿಜವಾದ ಕುತೂಹಲವಿತ್ತು. 1986ರಲ್ಲಿ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಅವರು ಬೆಂಗಳೂರಿನಲ್ಲೂ ಕೆಲಕಾಲ ಇದ್ದರು. ಮದ್ರಾಸಿನ ವಿಜ್ಞಾನಿ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲೂಮ್‌ಬರ್ಗ್ ಜೊತೆ ಸೇರಿ 1988ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವರ್ಷಗಟ್ಟಲೆ ಹೆಪಟೈಟಿಸ್ ಬಿ ವೈರಸ್ ಹೊತ್ತು ತಿರುಗುತ್ತಿದ್ದವರಿಗೆ ನೆಲನೆಲ್ಲಿಯ ಒಣಪುಡಿಯನ್ನು 200 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, 30 ದಿನ ಕೊಡಲಾಯಿತು. ಇನ್ನೊಂದು ಗುಂಪಿಗೆ ಮದ್ದಿಲ್ಲದ ತೋರಿಕೆಯ ಗುಳಿಗೆ. ಚಿಕಿತ್ಸೆ ಮುಗಿದ ಎರಡು ಮೂರು ವಾರಗಳ ನಂತರ ರಕ್ತ ಪರೀಕ್ಷಿಸಿದಾಗ ಗಿಡದ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಹೊರಪದರದ ಗುರುತು ಕಾಣಲಿಲ್ಲ. ತೋರಿಕೆಯ ಗುಳಿಗೆ ತಿಂದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಇಂಥ ಫಲಿತಾಂಶ ಆ ಕಾಲಕ್ಕೆ ಯಾವ ಔಷಧದಿಂದಲೂ ಬಂದಿರಲಿಲ್ಲ. ಆದರೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಬೇರೆ ತಂಡಗಳು ಅದೇ ಗಿಡವನ್ನು ಅಂಥದೇ ರೋಗಿಗಳಿಗೆ ಕೊಟ್ಟು ನೋಡಿದಾಗ ಅದು ಮರುಕಳಿಸಲಿಲ್ಲ. ಗಿಡ ಬೆಳೆದ ಮಣ್ಣು ಬೇರೆ, ಕೊಯ್ದ ಕಾಲ ಬೇರೆ, ಪ್ರಭೇದ ಬೇರೆ, ವೈರಸ್ಸಿನ ತಳಿ ಬೇರೆ ಎಂದು ವಾದಗಳು ನಡೆದವು. ಇವೆಲ್ಲ ನ್ಯಾಯವಾದ ಸಂಶಯಗಳೇ. ನೆಲನೆಲ್ಲಿ ಎಂದು ನಾವು ಕರೆಯುವ ಗಿಡಗಳಲ್ಲೇ ನೋಟಕ್ಕೆ ಒಂದೇ ಥರ ಇರುವ ಹಲವು ಪ್ರಭೇದಗಳಿವೆ. ಆದರೂ ಮದ್ದೊಂದು ಕೆಲಸ ಮಾಡುತ್ತದೆ ಎನ್ನಬೇಕಾದರೆ ಬೇರೆ ಊರಿನಲ್ಲಿ, ಬೇರೆ ಕೈಯಲ್ಲಿ ಕೂಡ ಅದು ಕೆಲಸ ಮಾಡಬೇಕು. ನೆಲನೆಲ್ಲಿ ಆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಇಂದು ಹೆಪಟೈಟಿಸ್ ಬಿ ವೈರಸ್ಸನ್ನು ಅದುಮಿಡಲು ಟೆನೊಫೊವಿರ್, ಎಂಟೆಕಾವಿರ್‌ನಂಥ ಮಾತ್ರೆಗಳಿವೆ, ಹುಟ್ಟಿದ ಮಗುವಿಗೆ ಹಾಕುವ ಲಸಿಕೆ ಇದೆ.

ಹಾಗಾದರೆ ಊರಿನ ಕಾಮಾಲೆ ವಾಸಿಯಾದದ್ದು ಹೇಗೆ? ಇದನ್ನು ಬಿಡಿಸಿ ಹೇಳಲೇಬೇಕು. ಕೊಳೆ ನೀರಿನಿಂದ ಬರುವ ಕಾಮಾಲೆಗೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್ ಕಾರಣ. ಈ ಎರಡನ್ನೂ ಬಹುತೇಕರ ದೇಹ ಕೆಲವು ವಾರಗಳಲ್ಲಿ ತಾನೇ ಹೊರದೂಡುತ್ತದೆ. ಹಾನಿಯಾದ ಯಕೃತ್ತು ಮತ್ತೆ ಬೆಳೆದು ತುಂಬಿಕೊಳ್ಳುತ್ತದೆ. ಆ ಮೂರು ವಾರದಲ್ಲಿ ನೆಲನೆಲ್ಲಿ ಕೊಟ್ಟರೂ, ಕಬ್ಬಿನ ಹಾಲು ಕೊಟ್ಟರೂ, ಏನೂ ಕೊಡದಿದ್ದರೂ ಹಳದಿ ಇಳಿಯುತ್ತದೆ. ನಾಟಿ ವೈದ್ಯರು ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅವರು ಕಣ್ಣಾರೆ ಕಂಡದ್ದನ್ನು ನಂಬಿದ್ದಾರೆ. ನೂರು ಜನರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಗುಣವಾಗುವ ರೋಗದಲ್ಲಿ ಯಾವ ಮದ್ದಿಗೂ ಸೋಲಿಲ್ಲ. ಅಪಾಯ ಇರುವುದು ಉಳಿದವರಲ್ಲಿ. ಹೆಪಟೈಟಿಸ್ ಇ ಗರ್ಭಿಣಿಯರಲ್ಲಿ ಜೀವಕ್ಕೇ ಎರವಾಗಬಲ್ಲದು. ಇಲಿಜ್ವರ, ಪಿತ್ತನಾಳದ ಕಲ್ಲು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಕ್ಷಯದ ಮಾತ್ರೆಗಳ ಅಡ್ಡಪರಿಣಾಮ, ಇವೂ ಕಣ್ಣನ್ನು ಹಳದಿ ಮಾಡುತ್ತವೆ. ಹಳದಿಯ ಜೊತೆಗೆ ಮಂಪರು, ತಡವರಿಕೆಯ ಮಾತು, ವಸಡಿನಲ್ಲಿ ರಕ್ತ ಕಂಡರೆ ಅದು ಯಕೃತ್ತು ಸೋಲುತ್ತಿರುವ ಗುರುತು. ಆಗ ಗಿಡ ಅರೆಯುತ್ತ ಕಳೆದ ಒಂದೊಂದು ದಿನವೂ ಪ್ರಾಣದ ಲೆಕ್ಕಕ್ಕೆ ಸೇರುತ್ತದೆ.

ಗಿಡದಲ್ಲಿ ಸತ್ವವೇ ಇಲ್ಲ ಎಂದು ಇದರಿಂದ ತೀರ್ಮಾನಿಸಿದರೂ ತಪ್ಪಾಗುತ್ತದೆ. ಗಿಡದ ಒಂದು ಅಂಶ ಯಕೃತ್ತನ್ನು ಸಾವಿನ ದವಡೆಯಿಂದ ಎಳೆದು ತರಲು ನೆರವಾಗುವ ಸಂದರ್ಭವೊಂದಿದೆ, ಮತ್ತು ಅದರ ಎದುರಾಳಿ ಒಂದು ಅಣಬೆ.

ಯುರೋಪಿನ ಓಕ್ ಮರಗಳ ಬುಡದಲ್ಲಿ ಬೆಳೆಯುವ ಅಮಾನಿಟಾ ಫ್ಯಾಲಾಯ್ಡಿಸ್ ಎಂಬ ತಿಳಿಹಸಿರು ಟೊಪ್ಪಿಗೆಯ ಅಣಬೆಗೆ 'ಡೆತ್ ಕ್ಯಾಪ್' ಎಂದು ಹೆಸರು. ತಿಂದವರಿಗೆ ರುಚಿಯಲ್ಲಿ ಏನೂ ಕೆಡುಕೆನಿಸುವುದಿಲ್ಲ. ಬೇಯಿಸಿದರೂ ವಿಷ ಹೋಗುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಏನೂ ಆಗದೆ, ಆಮೇಲೆ ವಾಂತಿ, ಭೇದಿ. ಮರುದಿನ ಸುಧಾರಿಸಿದಂತೆ ಕಾಣುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮೂರನೆಯ ದಿನ ಯಕೃತ್ತು ಕುಸಿಯುತ್ತದೆ. ಇದರ ವಿಷವಾದ ಅಮಾಟಾಕ್ಸಿನ್ ಯಕೃತ್ತಿನ ಕೋಶದೊಳಗೆ ಹೊಕ್ಕು, ವಂಶವಾಹಿಯ ಆದೇಶವನ್ನು ನಕಲು ಮಾಡುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಹೊಸ ಪ್ರೋಟೀನ್ ತಯಾರಿಸಲಾಗದೆ ಕೋಶ ಸಾಯುತ್ತದೆ. ಸತ್ತ ಕೋಶದಿಂದ ಹೊರಬಿದ್ದ ವಿಷ ಪಿತ್ತರಸದೊಂದಿಗೆ ಕರುಳಿಗಿಳಿದು, ಅಲ್ಲಿ ಮತ್ತೆ ಹೀರಲ್ಪಟ್ಟು, ಮತ್ತೆ ಯಕೃತ್ತಿಗೇ ಮರಳುತ್ತದೆ.

ಇಲ್ಲಿ ಕೆಲಸಕ್ಕೆ ಬರುವುದು ಮಿಲ್ಕ್ ಥಿಸಲ್. ಮೆಡಿಟರೇನಿಯನ್ ಸೀಮೆಯ ಮುಳ್ಳುಗಿಡ, ನೇರಳೆ ಹೂವು, ಎಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ನರಗಳು. ಯುರೋಪಿನಲ್ಲಿ ಶತಮಾನಗಳಿಂದ ಇದು ಯಕೃತ್ತಿನ ಗಿಡವೆಂದೇ ಹೆಸರಾಗಿತ್ತು. 1960ರ ದಶಕದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳು ಇದರ ಬೀಜದಿಂದ ಸಿಲಿಮರಿನ್ ಎಂಬ ಸಂಯುಕ್ತಗಳ ಗುಂಪನ್ನು ಬೇರ್ಪಡಿಸಿದರು. ಅದರ ಮುಖ್ಯ ಅಂಶ ಸಿಲಿಬಿನಿನ್. ಅಮಾಟಾಕ್ಸಿನ್ ಯಕೃತ್ತಿನ ಕೋಶದೊಳಗೆ ನುಗ್ಗುವುದು ಕೋಶದ ಹೊರಗೋಡೆಯಲ್ಲಿರುವ ಒಂದು ನಿರ್ದಿಷ್ಟ ಸಾಗಣೆ ಪ್ರೋಟೀನಿನ ಮೂಲಕ. ಸಿಲಿಬಿನಿನ್ ಅದೇ ಪ್ರೋಟೀನಿಗೆ ಅಡ್ಡ ಬಂದು ನಿಲ್ಲುತ್ತದೆ. ಒಳಹೋಗಲಾಗದ ವಿಷ ರಕ್ತದಲ್ಲೇ ಉಳಿದು ಮೂತ್ರಪಿಂಡದ ಮೂಲಕ ಹೊರಬೀಳಲು ಸಮಯ ಸಿಗುತ್ತದೆ. ಯುರೋಪಿನ ಆಸ್ಪತ್ರೆಗಳು ದಶಕಗಳಿಂದ ಇದನ್ನು ರಕ್ತನಾಳದ ಮೂಲಕ, ದ್ರವೋಪಚಾರದ ಜೊತೆ ಕೊಡುತ್ತ ಬಂದಿವೆ. 2007ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಒಂದು ಕುಟುಂಬದವರು ಕಾಡಿನಿಂದ ತಂದ ಅಣಬೆ ತಿಂದು ಆಸ್ಪತ್ರೆ ಸೇರಿದಾಗ, ಅಲ್ಲಿನ ವೈದ್ಯರು ತುರ್ತು ಅನುಮತಿ ಪಡೆದು ಜರ್ಮನಿಯಿಂದ ಈ ಚುಚ್ಚುಮದ್ದನ್ನು ವಿಮಾನದಲ್ಲಿ ತರಿಸಿದ್ದರು. ಆ ಮನೆಯ ಬಹುತೇಕರು ಬದುಕಿದರು. ಒಬ್ಬೊಬ್ಬ ರೋಗಿಯ ಪ್ರಾಣವೂ ಗಂಟೆಗಳ ಲೆಕ್ಕದಲ್ಲಿರುವಾಗ ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ತಡೆಹಿಡಿಯುವ ಪ್ರಯೋಗ ಮಾಡಲಾಗದು, ಆದ್ದರಿಂದ ಸಾಕ್ಷ್ಯದಲ್ಲಿ ಒಂದು ಕೊರತೆ ಇದ್ದೇ ಇದೆ. ಆದರೂ ಈ ಮದ್ದು ಎಲ್ಲಿ, ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಿದೆ. ಅಸ್ಸಾಂ, ಮೇಘಾಲಯಗಳಲ್ಲಿ ಕಾಡಣಬೆ ತಿಂದು ಜನ ಸಾಯುವುದು ಮತ್ತೆ ಮತ್ತೆ ನಡೆಯುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಚಹಾ ತೋಟಗಳ ಕೂಲಿ ಕುಟುಂಬಗಳು ಇದರಿಂದ ನಲುಗಿದವು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಳೆಗಾಲದ ಅಣಬೆಗೆ ಬುಟ್ಟಿ ಹಿಡಿದು ಹೊರಡುವವರು ಇದನ್ನು ನೆನಪಿಡಬೇಕು.

ಇದೇ ಸಿಲಿಮರಿನ್ ಮಾತ್ರೆಯ ರೂಪದಲ್ಲಿ ನಮ್ಮ ಔಷಧದಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ವೈದ್ಯರೇ ಬರೆದುಕೊಡುವುದೂ ಉಂಟು. ಅದರ ಕಥೆ ಮಾತ್ರ ಬೇರೆ. ಆಸ್ಟ್ರಿಯಾದ ತಂಡವೊಂದು 1989ರಲ್ಲಿ ಯಕೃತ್ತು ನಾರುಗಟ್ಟಿದ ಸಿರೋಸಿಸ್ ರೋಗಿಗಳಲ್ಲಿ ಇದರಿಂದ ಆಯುಷ್ಯ ಹೆಚ್ಚಿತೆಂದು ಹೇಳಿತು. 1998ರಲ್ಲಿ ಸ್ಪೇನಿನ ತಂಡ ಮದ್ಯಪಾನದಿಂದ ಸಿರೋಸಿಸ್ ಆದ 200 ಜನರಲ್ಲಿ ಪರೀಕ್ಷಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ, ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದ 154 ಹೆಪಟೈಟಿಸ್ ಸಿ ರೋಗಿಗಳಿಗೆ ವಾಡಿಕೆಗಿಂತ ಹೆಚ್ಚಿನ ಪ್ರಮಾಣದ ಸಿಲಿಮರಿನ್ ಕೊಟ್ಟು ನೋಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು: ತೋರಿಕೆಯ ಗುಳಿಗೆಗಿಂತ ಏನೂ ಮೇಲಲ್ಲ. ಮಲೇಷ್ಯಾದಲ್ಲಿ ಉರಿಯೂತವಿದ್ದ ಫ್ಯಾಟಿ ಲಿವರಿನ 99 ರೋಗಿಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಖ್ಯ ಗುರಿ ಈಡೇರಲಿಲ್ಲ. ಆದರೆ ಯಕೃತ್ತಿನ ಗಾಯದ ಕಲೆ ಕಡಿಮೆಯಾದವರು ಸಿಲಿಮರಿನ್ ಗುಂಪಿನಲ್ಲಿ ಶೇ 22, ಇನ್ನೊಂದರಲ್ಲಿ ಶೇ 6. ಇದು ಇನ್ನಷ್ಟು ದೊಡ್ಡ ಪ್ರಯೋಗಕ್ಕೆ ಯೋಗ್ಯವಾದ ಸುಳಿವು ಎಂದು ನನಗೆ ತೋರುತ್ತದೆ, ಅದಕ್ಕಿಂತ ಹೆಚ್ಚಲ್ಲ.

ಗಾಜಿನ ತಟ್ಟೆಯಲ್ಲಿ ಗೆದ್ದ ಸಂಯುಕ್ತ ಮನುಷ್ಯನಲ್ಲಿ ಸೋಲುವುದಕ್ಕೆ ಒಂದು ಸರಳ ಕಾರಣವಿದೆ. ನಾವು ನುಂಗಿದ ಬಹುಪಾಲು ವಸ್ತು ಕರುಳಿನಿಂದ ಮೊದಲು ಯಕೃತ್ತಿಗೇ ಬರುತ್ತದೆ. ಹಳೆಯ ಕಾಲದ ಸುಂಕದ ಕಟ್ಟೆಯಂತೆ ಅದು ಪ್ರತಿಯೊಂದನ್ನೂ ತಡೆದು ಬಿಚ್ಚಿ ನೋಡಿ, ಅನ್ಯವೆಂದು ಕಂಡದ್ದನ್ನು ಇನ್ನೊಂದು ಅಣುವಿಗೆ ಜೋಡಿಸಿ ಪಿತ್ತರಸಕ್ಕೋ ಮೂತ್ರಕ್ಕೋ ಸಾಗಹಾಕುತ್ತದೆ. ಗಿಡದ ಬಣ್ಣ, ಕಹಿ, ಘಾಟು ಕೊಡುವ ಪಾಲಿಫೀನಾಲ್‌ಗಳ ಮೇಲೆ ಈ ಕ್ರಮ ಬಹಳ ಚುರುಕು. ಪ್ರಯೋಗಾಲಯದಲ್ಲಿ ಕೋಶದ ಮೇಲೆ ಸುರಿದ ಸಾಂದ್ರತೆಯನ್ನು ಅವು ರೋಗಿಯ ರಕ್ತದಲ್ಲಿ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಅರಿಶಿನ ಇದಕ್ಕೆ ಅತ್ಯುತ್ತಮ ಉದಾಹರಣೆ. ಅದರಲ್ಲಿನ ಕರ್ಕ್ಯುಮಿನ್ ಉರಿಯೂತ ತಗ್ಗಿಸುವುದನ್ನು ಕೋಶಗಳಲ್ಲಿ, ಇಲಿಗಳಲ್ಲಿ ಸಾವಿರಾರು ಪ್ರಬಂಧಗಳು ತೋರಿಸಿವೆ. ಆದರೆ ಬಾಯಿಯಿಂದ ತಿಂದ ಕರ್ಕ್ಯುಮಿನ್ ರಕ್ತದಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಇದಕ್ಕೊಂದು ಉಪಾಯ ತೋರಿಸಿದರು. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಸೇರಿಸಿದಾಗ ರಕ್ತಕ್ಕೆ ಸೇರುವ ಪ್ರಮಾಣ ಮನುಷ್ಯರಲ್ಲಿ ಶೇ 2000ದಷ್ಟು ಏರಿತು. ಯಕೃತ್ತು ಮತ್ತು ಕರುಳು ಕರ್ಕ್ಯುಮಿನ್ನನ್ನು ಸಾಗಹಾಕುವ ವೇಗವನ್ನು ಪೈಪರಿನ್ ತಗ್ಗಿಸುತ್ತದೆ. ಜಗತ್ತಿನ ಮೂಲೆಮೂಲೆಯಲ್ಲಿ ಇಂದು ಮಾರಾಟವಾಗುವ ಅರಿಶಿನ-ಮೆಣಸಿನ ಕ್ಯಾಪ್ಸೂಲ್‌ಗಳು ಲೇಬಲ್ಲಿನ ಮೇಲೆ ಹೇಳಿಕೊಳ್ಳುವುದು ಈ ಬೆಂಗಳೂರಿನ ಸಂಶೋಧನೆಯನ್ನೇ.

ಅದರ ಇನ್ನೊಂದು ಮುಖ ಹೊರಬರಲು ಎರಡು ದಶಕ ಹಿಡಿಯಿತು. ಔಷಧದಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲ, ಅರಿಶಿನದ ಪೂರಕ ಮಾತ್ರೆಗಳಿಂದ ಯಕೃತ್ತು ಕೆಟ್ಟ 10 ಜನರ ವಿವರವನ್ನು 2022ರಲ್ಲಿ ಪ್ರಕಟಿಸಿತು. ಅವರಲ್ಲಿ ಒಬ್ಬರು ಸತ್ತರು. ಕೆಲವರ ಮಾತ್ರೆಯಲ್ಲಿ ಮೆಣಸಿನ ಅಂಶವಿತ್ತು. 10 ಜನರ ಪೈಕಿ ಏಳು ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಯ ಒಂದೇ ವಂಶವಾಹಿ ಗುರುತು ಕಂಡಿತು. ಹಸಿರು ಚಹಾದ ಸಾರದಿಂದ ಯಕೃತ್ತು ಕೆಡಿಸಿಕೊಂಡವರಲ್ಲೂ ಹೆಚ್ಚಾಗಿ ಕಾಣಿಸುವುದು ಅದೇ ಗುರುತು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಇದು ಯಾವ ರೀತಿಯಲ್ಲೂ ಅನ್ವಯಿಸುವುದಿಲ್ಲ. ಚಿಟಿಕೆಯಲ್ಲಿ ಇದ್ದದ್ದನ್ನು ಹತ್ತಾರು ಪಟ್ಟು ಸಾಂದ್ರಗೊಳಿಸಿ, ದೇಹದ ಸಹಜ ತಡೆಯನ್ನೂ ದಾಟಿಸಿ ಒಳಗೆ ಕಳಿಸಿದಾಗ ಅದು ಅಡುಗೆಮನೆಯ ಅರಿಶಿನವಾಗಿ ಉಳಿದಿರುವುದಿಲ್ಲ, ಔಷಧವಾಗಿರುತ್ತದೆ. ಔಷಧಕ್ಕೆ ಅಡ್ಡಪರಿಣಾಮ ಇರುತ್ತದೆ.

ಅಮೃತಬಳ್ಳಿಯ ವಿಚಾರ ನಮಗೆ ಇನ್ನೂ ಹತ್ತಿರದ್ದು. ಕೋವಿಡ್ ಕಾಲದಲ್ಲಿ ಕಾಂಪೌಂಡಿಗೆ ಹಬ್ಬಿದ ಬಳ್ಳಿಯ ಕಾಂಡ ಜಜ್ಜಿ ಕಷಾಯ ಕುಡಿಯದ ಬೀದಿ ಇರಲಿಲ್ಲ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬೈನ ವೈದ್ಯರು ಯಕೃತ್ತಿನ ಉರಿಯೂತದೊಂದಿಗೆ ಬಂದ ಆರು ಜನರನ್ನು ಕಂಡರು. ಎಲ್ಲರೂ ಅಮೃತಬಳ್ಳಿ ಸೇವಿಸಿದ್ದವರು. ಆಮೇಲೆ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ದೇಹದ ರೋಗನಿರೋಧಕ ಶಕ್ತಿ ತನ್ನದೇ ಯಕೃತ್ತಿನ ಮೇಲೆ ತಿರುಗಿಬೀಳುವ ರೀತಿಯ ಹಾನಿ ಅದು. ಮೊದಲೇ ಒಳಗೊಳಗೆ ಆ ಪ್ರವೃತ್ತಿ ಇದ್ದವರನ್ನು ಬಳ್ಳಿ ಕೆರಳಿಸಿತು ಎಂಬ ವಿವರಣೆ ಬಲವಾಗಿದೆ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಹೋಲುವ ಇನ್ನೊಂದು ಪ್ರಭೇದದ ಬಳ್ಳಿ ಬೆರೆತಿರಬಹುದು ಎಂದಿತು. ಆ ಮಾತು ನಿಜವೇ ಆದರೂ ಮನೆಯಲ್ಲಿ ಬಳ್ಳಿ ಕೊಯ್ಯುವವರಿಗೆ ಅದು ಸಮಾಧಾನ ಕೊಡುವ ಮಾತಲ್ಲ. ಥೈರಾಯ್ಡಿನ ಉರಿಯೂತ, ಸಂಧಿವಾತ, ಲೂಪಸ್‌ನಂಥ ಸ್ವಯಂನಿರೋಧಕ ಕಾಯಿಲೆ ಇದ್ದವರು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಹೇಳುವ ಯಾವುದನ್ನೂ ವೈದ್ಯರಿಗೆ ತಿಳಿಸದೆ ಮುಟ್ಟಬಾರದು.

ಇದೇ ಎಚ್ಚರ ಅಣಬೆಗಳಿಗೂ ಬೇಕು. ಮರದ ಬೊಡ್ಡೆಯಲ್ಲಿ ಕೆಂಪು ಮೆರುಗೆಣ್ಣೆ ಬಳಿದಂತೆ ಬೆಳೆಯುವ ಗ್ಯಾನೊಡರ್ಮಾವನ್ನು ಚೀನೀಯರು ಲಿಂಗ್‌ಝಿ, ಜಪಾನೀಯರು ರೀಶಿ ಎನ್ನುತ್ತಾರೆ. ಈಗ ನಮ್ಮ ನಗರಗಳಲ್ಲೂ ಅದರ ಕ್ಯಾಪ್ಸೂಲ್, ಅದನ್ನು ಬೆರೆಸಿದ ಕಾಫಿಪುಡಿ ಮಾರಾಟವಾಗುತ್ತಿವೆ. ಇದರಲ್ಲಿ ಎರಡು ಬಗೆಯ ಅಂಶಗಳು ಮುಖ್ಯ. ಬೀಟಾ ಗ್ಲೂಕನ್ ಎಂಬ ದೊಡ್ಡ ಸಕ್ಕರೆ ಸರಪಳಿಗಳು ಕರುಳಿನ ರೋಗನಿರೋಧಕ ಕೋಶಗಳನ್ನು ತಟ್ಟಿ ಎಬ್ಬಿಸುತ್ತವೆ. ಗ್ಯಾನೊಡರಿಕ್ ಆಮ್ಲ ಮೊದಲಾದ ಕಹಿ ಟ್ರೈಟರ್ಪೀನ್‌ಗಳು ಇಲಿಗಳಲ್ಲಿ ಯಕೃತ್ತಿನ ಉರಿಯೂತವನ್ನೂ ಗಾಯದ ಕಲೆಯನ್ನೂ ತಗ್ಗಿಸುತ್ತವೆ. ತೈವಾನಿನಲ್ಲಿ ಇನ್ನೊಂದು ಅಣಬೆ ಇದೆ, ಆಂಟ್ರೋಡಿಯಾ. ಅಲ್ಲಿನ ಕಾಡಿನ ಒಂದೇ ಒಂದು ಜಾತಿಯ ಕರ್ಪೂರ ಮರದ ಪೊಟರೆಯೊಳಗೆ ಬೆಳೆಯುತ್ತದೆ. ಅಲ್ಲಿನ ಮೂಲನಿವಾಸಿಗಳು ಮದ್ಯದ ಅಮಲಿಗೆ, ಯಕೃತ್ತಿನ ತೊಂದರೆಗೆ ಇದನ್ನು ಬಳಸುತ್ತಿದ್ದರು. ಬೇಡಿಕೆ ಎಷ್ಟಾಯಿತೆಂದರೆ ಅಣಬೆಗಾಗಿ ಮರವನ್ನೇ ಕಡಿಯುವುದು ಶುರುವಾಗಿ, ಆ ಮರಕ್ಕೆ ಕಾನೂನಿನ ರಕ್ಷಣೆ ಬೇಕಾಯಿತು. ಹಿಮಾಲಯದ ಕಟುಕರೋಹಿಣಿಗೂ ಇದೇ ಗತಿ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರ ಬೇರಿನಿಂದ ಪಿಕ್ರೋಲಿವ್ ಎಂಬ ಯಕೃತ್ ರಕ್ಷಕ ಸಾರ ತೆಗೆದಿತ್ತು. ಗಿಡ ಮಾತ್ರ ಬೆಟ್ಟದಲ್ಲಿ ಅಪರೂಪವಾಗುತ್ತ ಹೋಗಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿ ಸೇರಿತು.

ರೀಶಿಯಾಗಲಿ ಆಂಟ್ರೋಡಿಯಾವಾಗಲಿ ಯಕೃತ್ತಿನ ರೋಗಿಗಳಲ್ಲಿ ದೊಡ್ಡ, ಕಟ್ಟುನಿಟ್ಟಾದ ಪ್ರಯೋಗಗಳಿಂದ ಇನ್ನೂ ಗೆದ್ದು ಬಂದಿಲ್ಲ. ಹಾಂಗ್‌ಕಾಂಗ್‌ನಿಂದ 2004ರಲ್ಲಿ, ಥಾಯ್ಲೆಂಡಿನಿಂದ 2007ರಲ್ಲಿ ರೀಶಿಯಿಂದಲೇ ಯಕೃತ್ತು ಕೆಟ್ಟ ವರದಿಗಳು ಬಂದವು. ಥಾಯ್ಲೆಂಡಿನ ರೋಗಿ ಬದುಕಲಿಲ್ಲ. ಇಬ್ಬರೂ ಸೇವಿಸಿದ್ದು ಸಾಂಪ್ರದಾಯಿಕ ಕುದಿಸಿದ ಕಷಾಯವನ್ನಲ್ಲ, ಹೊಸ ಕಾಲದ ಪುಡಿಯ ರೂಪವನ್ನು ಎಂಬುದು ಗಮನಿಸಬೇಕಾದ ಸಂಗತಿ. ಇನ್ನು ಡಬ್ಬಿಯೊಳಗಿನ ಸರಕು. ಅಮೆರಿಕದ ಮಾರುಕಟ್ಟೆಯಿಂದ ತಂದ 19 ರೀಶಿ ಉತ್ಪನ್ನಗಳನ್ನು 2017ರಲ್ಲಿ ರಾಸಾಯನಿಕವಾಗಿ ಪರೀಕ್ಷಿಸಿದಾಗ ಐದು ಮಾತ್ರ ನಿಜವಾದ ರೀಶಿ ಎಂದು ಸಾಬೀತಾದವು. ಹಲವುಗಳಲ್ಲಿ ಇದ್ದದ್ದು ಪಿಷ್ಟದಂಥ ಪದಾರ್ಥ. ಹಣ ಕೊಟ್ಟು ಆಸೆಯಿಂದ ತಿನ್ನುವ ರೋಗಿಯ ಮಟ್ಟಿಗೆ ಇದು ಸಣ್ಣ ಅನ್ಯಾಯವಲ್ಲ.

ಗಿಡದ ಅಂಶವನ್ನು ನಿಜವಾದ ಔಷಧದಂತೆ ನಡೆಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಜಪಾನನ್ನು ನೋಡಬೇಕು. ನಾವು ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ನನ್ನು ಶುದ್ಧಗೊಳಿಸಿ, ಅಳತೆ ನಿಗದಿಪಡಿಸಿ, ಚುಚ್ಚುಮದ್ದಾಗಿ ಅಲ್ಲಿನ ಆಸ್ಪತ್ರೆಗಳು ದೀರ್ಘಕಾಲದ ಹೆಪಟೈಟಿಸ್ ರೋಗಿಗಳಿಗೆ ದಶಕಗಳ ಕಾಲ ಕೊಟ್ಟವು. ಯಕೃತ್ತಿನ ಕಿಣ್ವಗಳು ಇಳಿದವು. ವೈರಸ್ ಹೋಗಲಿಲ್ಲ. ವೈರಸ್ಸನ್ನೇ ಎಂಟು-ಹನ್ನೆರಡು ವಾರದಲ್ಲಿ ತೊಡೆಯುವ ಮಾತ್ರೆಗಳು ಬಂದ ಮೇಲೆ ಹೆಪಟೈಟಿಸ್ ಸಿ ಮಟ್ಟಿಗೆ ಅದರ ಅಗತ್ಯವೇ ಕುಗ್ಗಿತು. ಅಳತೆ ನಿಗದಿಯಾಗಿದ್ದರಿಂದಲೇ ಅದರ ಅಪಾಯವೂ ಸ್ಪಷ್ಟವಾಗಿ ತಿಳಿಯಿತು: ಜ್ಯೇಷ್ಠಮಧು ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತದೆ, ಪೊಟ್ಯಾಷಿಯಂ ಇಳಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿ, ಅದನ್ನು ಇಳಿಸಲು ಮಾತ್ರೆ ತಿನ್ನುತ್ತಿರುವವರು ಮನೆಯಲ್ಲಿ ನಿತ್ಯ ಜ್ಯೇಷ್ಠಮಧು ಕಷಾಯ ಕುಡಿದರೆ ಚಿಕಿತ್ಸೆಗೆ ನೇರ ವಿರುದ್ಧವಾಗಿ ಕೆಲಸ ಮಾಡಿದಂತೆ.

ಕಿಣ್ವದ ಮಾತು ಬಂತು. ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಸ್‌ಜಿಪಿಟಿ 90 ಇದ್ದದ್ದು 50ಕ್ಕೆ ಇಳಿಯಿತೆಂದರೆ ಮದ್ದು ಫಲಿಸಿತು ಎಂದು ಎಲ್ಲರೂ ಸಂತೋಷಪಡುತ್ತಾರೆ. ಸಾಯುತ್ತಿರುವ ಕೋಶಗಳಿಂದ ಸೋರುವ ಕಿಣ್ವ ಅದು. ಸೋರುವಿಕೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಯಕೃತ್ತಿನೊಳಗೆ ಗಾಯದ ನಾರು ಕಟ್ಟುತ್ತ ಹೋಗುವುದು ಬೇರೆ ಲೆಕ್ಕ. ಅದನ್ನು ಕಟ್ಟುವುದು ಎ ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುವ ನಕ್ಷತ್ರಾಕಾರದ ಕೋಶಗಳು. ಉರಿಯೂತ ಮುಂದುವರಿದಾಗ ಇವು ಎದ್ದು ನಾರು ನೇಯತೊಡಗುತ್ತವೆ. ಪೂರ್ತಿ ಸಿರೋಸಿಸ್ ಆದವರಲ್ಲಿ ಎಸ್‌ಜಿಪಿಟಿ ಸರಿಯಾಗಿಯೇ ಇರುವುದು ಅಪರೂಪವಲ್ಲ. ಆದ್ದರಿಂದ ಗಿಡಮದ್ದಿನ ಪ್ರಚಾರದಲ್ಲಿ ಕಿಣ್ವ ಇಳಿದ ಸಂಗತಿ ಮಾತ್ರ ಇದ್ದರೆ, ನಾರಿನ ಬಗ್ಗೆ, ಆಯುಷ್ಯದ ಬಗ್ಗೆ ಏನು ಗೊತ್ತಾಯಿತು ಎಂದು ಕೇಳಬೇಕು. 1955ರಿಂದ ನಮ್ಮ ಮನೆಗಳಲ್ಲಿ ಪರಿಚಿತವಾಗಿರುವ ಲಿವ್.52 ಕೂಡ ಈ ಪ್ರಶ್ನೆಯಿಂದ ಹೊರತಲ್ಲ. ಮದ್ಯಪಾನದಿಂದ ಯಕೃತ್ತು ಕೆಟ್ಟ 80 ಜನರಲ್ಲಿ ಆರು ತಿಂಗಳು ನಡೆಸಿ 2003ರಲ್ಲಿ ಪ್ರಕಟಿಸಿದ ಶ್ರೀಲಂಕಾದ ಪ್ರಯೋಗ ಅದರಿಂದ ವಿಶೇಷ ಲಾಭ ಕಾಣಲಿಲ್ಲ.

ಸಸ್ಯಮೂಲದ ಅಂಶಗಳಲ್ಲಿ ಪ್ರಯೋಗದ ಪರೀಕ್ಷೆ ಚೆನ್ನಾಗಿಯೇ ದಾಟಿದ್ದೊಂದಿದೆ, ಅದರ ಸುತ್ತ ಯಾವ ಸಂಭ್ರಮವೂ ಇಲ್ಲ. ಸಸ್ಯದ ಎಣ್ಣೆಗಳಲ್ಲಿರುವ ಇ ಜೀವಸತ್ವದ ಸಹಜ ರೂಪವನ್ನು ದಿನಕ್ಕೆ 800 ಯೂನಿಟ್‌ನಂತೆ 96 ವಾರ, ಮಧುಮೇಹವಿಲ್ಲದ ಆದರೆ ಉರಿಯೂತದ ಫ್ಯಾಟಿ ಲಿವರ್ ಇರುವವರಿಗೆ ಕೊಟ್ಟಾಗ ಶೇ 43 ಜನರ ಯಕೃತ್ತಿನ ಅಂಗಾಂಶ ಸುಧಾರಿಸಿತು. ತೋರಿಕೆಯ ಗುಳಿಗೆಯವರಲ್ಲಿ ಶೇ 19. ಇದು 2010ರ ಅಮೆರಿಕದ ಪ್ರಯೋಗ. ಗಾಯದ ನಾರಿನ ಮೇಲೆ ಪರಿಣಾಮ ಕಾಣಲಿಲ್ಲ, ಹೆಚ್ಚು ಪ್ರಮಾಣದ ಇ ಜೀವಸತ್ವಕ್ಕೆ ಅದರದೇ ಅಪಾಯಗಳಿವೆ, ಹಾಗಾಗಿ ಯಾರಿಗೆ ಕೊಡಬೇಕೆಂಬುದು ವೈದ್ಯರ ತೀರ್ಮಾನ.

ಇನ್ನೊಂದು ಸಸ್ಯ ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದ ಇಳಿಜಾರುಗಳಲ್ಲಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ಬ್ರಿಟನ್ನಿನ ಸುಮಾರು 4.95 ಲಕ್ಷ ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಯಕೃತ್ತಿನ ಕಾಯಿಲೆ ಶೇ 21ರಷ್ಟು, ಅದರಿಂದಾಗುವ ಸಾವು ಶೇ 49ರಷ್ಟು ಕಡಿಮೆ ಇತ್ತು. ಬೇರೆ ಬೇರೆ ದೇಶಗಳ ಅಧ್ಯಯನಗಳು ಸಿರೋಸಿಸ್, ಯಕೃತ್ತಿನ ಕ್ಯಾನ್ಸರ್ ವಿಚಾರದಲ್ಲೂ ಇದೇ ದಿಕ್ಕನ್ನು ತೋರಿಸುತ್ತವೆ. ನಕ್ಷತ್ರಾಕಾರದ ಕೋಶಗಳು ಏಳುವುದನ್ನು ಕೆಫೀನ್ ತಡೆಯುತ್ತದೆ ಎಂಬುದು ಪ್ರಯೋಗಾಲಯದ ವಿವರಣೆ. ಕೆಫೀನ್ ತೆಗೆದ ಕಾಫಿ ಕುಡಿದವರಲ್ಲೂ ಲಾಭ ಕಂಡದ್ದರಿಂದ ಕ್ಲೋರೊಜೆನಿಕ್ ಆಮ್ಲ ಮೊದಲಾದವುಗಳಿಗೂ ಪಾಲಿರಬೇಕು. ಇದು ಗಮನಿಸಿ ಬರೆದ ಲೆಕ್ಕವೇ ಹೊರತು ಕೊಟ್ಟು ನೋಡಿದ ಪ್ರಯೋಗವಲ್ಲ, ಆ ಮಿತಿ ಇದ್ದೇ ಇದೆ. ಆದರೂ ಯಕೃತ್ತಿನ ರೋಗಿ ಈಗಾಗಲೇ ಕಾಫಿ ಕುಡಿಯುತ್ತಿದ್ದರೆ, ನಿದ್ದೆಗೆ, ಎದೆಬಡಿತಕ್ಕೆ ತೊಂದರೆ ಇಲ್ಲದಿದ್ದರೆ, ಪಥ್ಯದ ಹೆಸರಿನಲ್ಲಿ ಅದನ್ನು ಬಿಡಿಸುವ ಕಾರಣವಿಲ್ಲ. ಸಕ್ಕರೆಯ ಚಮಚ ಮಾತ್ರ ಇಳಿಯಬೇಕು.

ಫ್ಯಾಟಿ ಲಿವರ್ ಈಗ ಎಲ್ಲ ಬಡಾವಣೆಗಳ ಕಾಯಿಲೆ. ಅದಕ್ಕೆ ಮಿಲ್ಕ್ ಥಿಸಲ್ ಕೊಳ್ಳಲೇ, ರೀಶಿ ಕೊಳ್ಳಲೇ ಎಂದು ಕೇಳುವವರಿಗೆ ಕ್ಯೂಬಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿ ಹೇಳಬೇಕೆನಿಸುತ್ತದೆ: ಒಂದು ವರ್ಷದಲ್ಲಿ ದೇಹದ ತೂಕವನ್ನು ಶೇ 10ರಷ್ಟು ಇಳಿಸಿದವರಲ್ಲಿ ಶೇ 90 ಮಂದಿಯ ಯಕೃತ್ತಿನ ಉರಿಯೂತ ಹೋಗಿತ್ತು, ಶೇ 45 ಮಂದಿಯ ಗಾಯದ ನಾರು ಹಿಂದೆ ಸರಿದಿತ್ತು. ಯಾವ ಗಿಡದ ಸಾರವೂ ಇದರ ಹತ್ತಿರ ಬಂದಿಲ್ಲ. ಇದರ ಜೊತೆಗೆ ಗಿಡಮದ್ದನ್ನೂ ತೆಗೆದುಕೊಳ್ಳಬೇಕೆನಿಸಿದರೆ, ಅದರ ಡಬ್ಬಿಯನ್ನೇ ವೈದ್ಯರ ಮೇಜಿನ ಮೇಲಿಡುವುದು ಒಳ್ಳೆಯದು. ಹೆಸರು ಹೇಳಿದರೆ ಸಾಲದು; ಒಳಗೆ ಯಾವ ಭಾಗದ ಸಾರ, ಎಷ್ಟು ಮಿಲಿಗ್ರಾಂ, ಮೆಣಸಿನ ಅಂಶ ಇದೆಯೇ, ಭಸ್ಮ ಇದೆಯೇ ಎಂಬುದು ಮುಖ್ಯ. ಯಕೃತ್ತು ಕಸಿ ಮಾಡಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಇದನ್ನು ಕಡ್ಡಾಯವಾಗಿ ಮಾಡಬೇಕು, ಏಕೆಂದರೆ ಆ ಮಾತ್ರೆಗಳನ್ನು ಒಡೆಯುವ ಕಿಣ್ವಗಳ ಮೇಲೇ ಹಲವು ಗಿಡದ ಅಂಶಗಳು ಕೈ ಹಾಕುತ್ತವೆ.

ಇನ್ನು ಪಥ್ಯದ ಮಾತು. ಕಾಮಾಲೆ, ಲಿವರ್ ಎಂದ ಕೂಡಲೇ ಬೇಳೆ ಬೇಡ, ಮೊಟ್ಟೆ ಬೇಡ, ಎಣ್ಣೆ ಬೇಡ ಎಂದು ರೋಗಿಯನ್ನು ಗಂಜಿಯ ಮೇಲೆ ಇಡುತ್ತೇವೆ. ಸಿರೋಸಿಸ್ ಇರುವವರಿಗೆ ಇದರಿಂದಾಗುವ ಹಾನಿ ದೊಡ್ಡದು. ಅವರ ಯಕೃತ್ತಿನಲ್ಲಿ ರಾತ್ರಿಗೆ ಬೇಕಾದ ಸಕ್ಕರೆಯ ದಾಸ್ತಾನು ನಿಲ್ಲುವುದಿಲ್ಲ. ಎಂಟು ಹತ್ತು ಗಂಟೆ ಉಪವಾಸವಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸತೊಡಗುತ್ತದೆ. ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ಅರುವತ್ತು ಕಿಲೋ ತೂಗುವವರಿಗೆ ಅದು 72ರಿಂದ 90 ಗ್ರಾಂ. ಹೆಸರುಕಾಳು, ತೊಗರಿಬೇಳೆ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಎಲ್ಲವೂ ಸೇರಿದರೆ ಮಾತ್ರ ಆಗುವ ಮಾತು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರಿಗೆ ಬೆಳೆಯಲು ಕಲಿಸುವ ಆಯ್‌ಸ್ಟರ್ ಅಣಬೆಯ ಪಲ್ಯವನ್ನೂ ಈ ತಟ್ಟೆಗೆ ಧಾರಾಳವಾಗಿ ಸೇರಿಸಬಹುದು. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ. ರಾತ್ರಿ ಮಲಗುವ ಮುನ್ನ ಸುಮ್ಮನೆ ಬಿಡದೆ ಒಂದು ಬಟ್ಟಲು ರಾಗಿ ಅಂಬಲಿಯೋ, ಎರಡು ಇಡ್ಲಿಯೋ, ಹಾಲಿನ ಜೊತೆ ಅವಲಕ್ಕಿಯೋ ಕೊಡಬೇಕು.